ಯಾರೂ ಕೇಳದ ಮಟ್ಟು

ಬೆಳಿಗ್ಗೆ ಏಳಕ್ಕೆ ಹೊನ್ನಾಳಿಯಿಂದ ವೆಂಕಟೇಶ್ ತಿಮ್ಮೇಶನಿಗೆ ಫೋನಿನಲ್ಲಿ ಆಡಿದ ಒಂದೇ ಒಂದು ಮಾತು ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾಯಿತು.

"ಮೇಷ್ಟ್ರೇ, ಸಂಜೆ ಐದಕ್ಕೆ ಸಂತೇಬೆನ್ನೂರಿಗೆ ಬರ್ತೀನಿ. ಸಿನಿಮಾ ಹಾಡಿನ ಮಟ್ಟು ರೆಡಿ ಇರ್ಲಿ. ಒಂದೇ ಕಂಡೀಷನ್ನು. ಅದು ಹೊಸಾದಾಗಿರ್ಬೇಕು. ಇದನ್ನ ಮೊದ್ಲೇ ಕೇಳೀನಿ ಅಂತ ಒಬ್ರು ಅಂದ್ರೂ ನಾನು ಬೇರೆಯೋರನ್ನ ನೋಡ್ಕೊಳ್ತೀನಿ."

ವೆಂಕಟೇಶ್ ಹತ್ತು ವರ್ಷ ಮದುವೆ ವಿಡಿಯೋ ತೆಗೆದು, ಈಗ ಮೊದಲ ಸಿನಿಮಾ ತೆಗೆಯುತ್ತಿದ್ದವನು. ತಿಮ್ಮೇಶ್ ಹದಿನೆಂಟು ವರ್ಷದಿಂದ ಹಳ್ಳಿಹಳ್ಳಿಯ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತ ಬಂದವನು. ರಾಜ ಸತ್ತರೂ, ವಿದೂಷಕ ಮದುವೆಯಾದರೂ ಅವನು ನುಡಿಸಿದ್ದು ಬೇರೆಯವರು ಕಟ್ಟಿದ ಮಟ್ಟುಗಳನ್ನೇ. ತನ್ನದು ಎನ್ನುವ ಒಂದು ಮಟ್ಟು ಸಿನಿಮಾದಲ್ಲಿ ಬಂದರೆ ಸಾಕು, ಆಮೇಲೆ ಈ ಪೆಟ್ಟಿಗೆ ಹೊತ್ತು ಬಸ್ಸು ಹತ್ತುವುದಕ್ಕೂ ಒಂದು ಅರ್ಥ ಬಂದೀತು ಎಂದು ಅವನಿಗೆ ಒಳಗೊಳಗೇ ಆಸೆಯಿತ್ತು.

ಸ್ನಾನ ಮುಗಿಸಿ ಜಗಲಿಯ ಮೇಲೆ ಕೂತು ಮೊದಲ ಮಟ್ಟು ನುಡಿಸಿದ. ಹೆಂಡತಿ ಉಷಾರಾಣಿ ಒಳಗಿಂದ ಕಸದ ಬಕೆಟ್ ಹಿಡಿದು ಓಡಿಬಂದಳು.

"ಎಲ್ಲಿ ಗಾಡಿ?" ಎಂದಳು.

"ಯಾವ ಗಾಡಿ?"

"ಪಂಚಾಯ್ತಿ ಕಸದ ಗಾಡಿ. ಅದರ ಹಾಡೇ ಅಲ್ವೇನ್ರಿ ಇದು?"

ತಿಮ್ಮೇಶ್ ಆ ಮಟ್ಟನ್ನು ಕೈಬಿಟ್ಟ. ಎರಡನೆಯದಕ್ಕೆ ಪಕ್ಕದ ಮನೆಯ ನಾಗರತ್ನ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಅಣ್ಣಾ, ನಮ್ಮ ತಂಗಿ ಮದುವ್ಯಾಗೆ ಇದ್ನೇ ಬ್ಯಾಂಡ್‌ನೋರು ಬಾರಿಸಿದ್ದು. ಎರಡನೇ ಪಂಕ್ತಿಗೆ ಅನ್ನ ಸಾಲ್ಲಿಲ್ಲ ನೋಡು, ಆವಾಗ" ಎಂದಳು. ಮೂರನೆಯದನ್ನು ಕೇಳಿ ಎದುರುಮನೆಯ ಧರ್ಮಪ್ಪ ಚಪ್ಪಲಿ ಬಿಟ್ಟು ಕೈ ಮುಗಿದರು. ಅವರು ರಿಟೈರಾದ ಪೋಸ್ಟ್‌ಮ್ಯಾನ್. ಬೀದಿಯ ಪ್ರತಿಯೊಂದು ವಿಷಯವನ್ನೂ ಮನೆಬಾಗಿಲಿಗೆ ಮುಟ್ಟಿಸುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ನಾಲ್ಕನೆಯ ಮಟ್ಟು ಬಂತು. ಅದು ಉಳಿದವುಗಳಂತೆ ಇರಲಿಲ್ಲ. ಗಾಡಿಯ ಎತ್ತು ಏರು ಹತ್ತಿ, ನೆತ್ತಿಯಲ್ಲಿ ಒಂದು ಗಳಿಗೆ ನಿಂತು ಉಸಿರು ಬಿಟ್ಟು, ಆಮೇಲೆ ಗಂಟೆ ಆಡಿಸುತ್ತ ಇಳಿದಂತೆ ಇಳಿಯಿತು. ಸಾಹಿತ್ಯ ಬರೆಯುವವರು ಬೇರೆ ಇದ್ದುದರಿಂದ ಅವನು ಸದ್ಯಕ್ಕೆ ಬಾಯಿಗೆ ಬಂದ ಪದ ಕೂಡಿಸಿಕೊಂಡ:

"ಹೀರೇಕಾಯಿ ತಂದೋಳೆ, ಹಿಂದೆ ಮುಂದೆ ನೋಡೋಳೆ..."

ಉಷಾರಾಣಿ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಬಕೆಟ್ ಇರಲಿಲ್ಲ.

"ಇದನ್ನ ಎಲ್ಲಾದ್ರೂ ಕೇಳಿದೀಯೇನೆ?"

"ಇಲ್ಲ" ಎಂದಳು. ಬಾಗಿಲಿಗೆ ಒರಗಿ, "ಚೆನ್ನಾಗೈತೆ" ಎಂದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವನ ಸಂಗೀತದ ಬಗ್ಗೆ ಅವಳು ಹೇಳಿದ ಮೊದಲ ಒಳ್ಳೆಯ ಮಾತು ಅದು.

ನಾಗರತ್ನ ಮೂರು ಸಲ ನುಡಿಸಿಕೊಂಡು ಕೇಳಿ, ಇಲ್ಲವೆಂದಳು. ಧರ್ಮಪ್ಪ ಕಣ್ಣು ಮುಚ್ಚಿ ಎಂಟು ಸಲ ಕೇಳಿದರು.

"ನಾನು ಕೇಳಿಲ್ಲ ಕಣಪ್ಪ. ಆದ್ರೆ ನಮ್ಮ ಬೀದಿ ಕೇಳಿಲ್ಲ ಅಂದ್ರೆ ಊರೇ ಕೇಳಿಲ್ಲ ಅಂತ ಹೆಂಗೆ ಹೇಳಾಕಾಗ್ತೈತೆ? ನಾಳೆ ಯಾರಾದ್ರೂ ಕದ್ದ ಮಾಲು ಅಂದ್ರೆ ಮಾನ ಹೋಗ್ತೈತೆ. ಇವತ್ತು ಸಂತೆ. ಹತ್ತು ಹಳ್ಳಿ ಜನ ಬಂದಿರ್ತಾರೆ. ಪೆಟ್ಟಿಗೆ ಎತ್ಕೋ."

ಯಾರೂ ಕೇಳಿಲ್ಲವೆಂದು ಖಾತ್ರಿಯಾಗಬೇಕಾದರೆ ಎಲ್ಲರಿಗೂ ಕೇಳಿಸಲೇಬೇಕು. ತಿಮ್ಮೇಶನಿಗೆ ಈ ಮಾತು ಬಹಳ ನ್ಯಾಯವಾಗಿ ಕಂಡಿತು.

ಸಂತೆಯಲ್ಲಿ ಗಿಡ್ಡಪ್ಪನ ತರಕಾರಿ ಅಂಗಡಿಯ ತಾಡಪಾಲಿನ ಕೆಳಗೆ ಪೆಟ್ಟಿಗೆ ಇಳಿಯಿತು. ಬಂದವರಿಗೆಲ್ಲ ಧರ್ಮಪ್ಪನವರೇ ಪ್ರಶ್ನೆ ಹಾಕುತ್ತಿದ್ದರು: "ಯಾವೂರವ್ವ? ಉಬ್ರಾಣಿಯಾ? ಇಲ್ಲಿ ನಿಂತು ಈ ಹಾಡು ಕೇಳು. ಮೊದ್ಲೇ ಕೇಳಿದೀಯಾ?" ಉಬ್ರಾಣಿಯವರು ಕೇಳಿರಲಿಲ್ಲ. ನಲ್ಲೂರಿನವರು ಕೇಳಿರಲಿಲ್ಲ. ಜಗಳೂರಿನಿಂದ ಕುರಿ ತಂದವನೂ ಕೇಳಿರಲಿಲ್ಲ. ಒಂದೊಂದು 'ಇಲ್ಲ'ಕ್ಕೂ ತಿಮ್ಮೇಶನ ಮುಖ ಎಣ್ಣೆ ಹಾಕಿದ ದೀಪದಂತೆ ಬೆಳಗುತ್ತಿತ್ತು.

ಅಂಗಡಿಯ ಮುಂದೆ ಜನ ಸೇರಿದ್ದು ನೋಡಿ ಗಿಡ್ಡಪ್ಪ ತನ್ನ ಬ್ಯಾಟರಿ ಮೈಕು ತೆಗೆದು, "ಹೀರೇಕಾಯಿ ತಂದೋಳೆ" ಎಂದು ತಾನೂ ಶುರು ಮಾಡಿದ. ಒಂದು ಗಂಟೆಗೆಲ್ಲ ಅವನ ಹೀರೇಕಾಯಿ ಖಾಲಿ. ಅದನ್ನು ಕಂಡ ಪಕ್ಕದವನು "ಈರುಳ್ಳಿ ತಂದೋಳೆ" ಎಂದ. ಬಳೆ ಅಂಗಡಿಯವಳು "ಹಸಿರು ಬಳೆ ತೊಟ್ಟೋಳೆ" ಎಂದಳು. ಧರ್ಮಪ್ಪನವರ ಮೊಮ್ಮಗಳು ರಮ್ಯಶ್ರೀ ತಾನು ಕುಣಿದ ವಿಡಿಯೋ ಮೊಬೈಲಿನಲ್ಲಿ ಹರಿಬಿಟ್ಟಳು. ಎರಡೂವರೆಯ ಬಸ್ಸು ಹೊರಟಾಗ ಕಂಡಕ್ಟರನೂ ಅದೇ ಮಟ್ಟಿನಲ್ಲಿ ಸೀಟಿ ಊದಿದ. ಪೆಟ್ಟಿಗೆ ಹೊತ್ತು ಮನೆಗೆ ನಡೆದ ತಿಮ್ಮೇಶನಿಗೆ ಹಿಂದಿನಿಂದ ತನ್ನ ಹಾಡು ಕೇಳುತ್ತಿತ್ತು. ಅಷ್ಟು ಸುಖವಾಗಿ ಅವನು ಎಂದೂ ನಡೆದಿರಲಿಲ್ಲ.

ಐದಕ್ಕೆ ಸರಿಯಾಗಿ ವೆಂಕಟೇಶನ ಕಾರು ಬಂತು. ಬೀದಿಯವರೆಲ್ಲ ಜಗಲಿಯ ಸುತ್ತ ಸೇರಿದರು. ತಿಮ್ಮೇಶ್ ದೇವರನ್ನು ನೆನೆದು ನುಡಿಸಿದ. ಎರಡು ಸಾಲು ಮುಗಿಯುವಷ್ಟರಲ್ಲಿ ವೆಂಕಟೇಶ್ ಕೈ ಎತ್ತಿ ನಿಲ್ಲಿಸಿದ.

"ಮೇಷ್ಟ್ರೇ, ಇದು ಜಾನಪದ."

"ಅಲ್ಲ, ನಂದೇ. ಬೆಳಿಗ್ಗೆ ಹತ್ತಕ್ಕೆ ಕಟ್ಟಿದ್ದು."

"ನಲ್ಲೂರಾಗೆ ಚಾ ಕುಡಿಯಾಕೆ ನಿಂತಿದ್ದೆ. ಚಾದಂಗಡಿಯೋನು ಇದನ್ನೇ ಗುನುಗ್ತಿದ್ದ. ದಾರ್‍ಯಾಗೆ ಕಳೆ ತೆಗೆಯೋ ಹೆಣ್ಮಕ್ಕಳು ಇದನ್ನೇ ಹಾಡ್ತಿದ್ರು. ಬೆಳಿಗ್ಗೆ ಹುಟ್ಟಿದ್ದು ಸಂಜೆಗೆ ಹೊಲ ಸೇರಾಕೆ ಅದೇನು ಕುರಿ ಮರಿಯಾ?"

ತಿಮ್ಮೇಶ್ ಸಂತೆಯ ಕತೆಯನ್ನೆಲ್ಲ ಹೇಳಿದ. ಧರ್ಮಪ್ಪ ಸಾಕ್ಷಿ ನುಡಿದರು. ವೆಂಕಟೇಶ್ ನಂಬಲಿಲ್ಲ, ಬೀದಿಯವರು ಬೀದಿಯವನ ಪರ ಮಾತಾಡುವುದು ಸಹಜ ಎಂದ. ಕೊನೆಗೆ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ದುರುಗಮ್ಮನ ಕಡೆ ತಿರುಗಿದ. ಮೂಲೆಮನೆಯ ದುರುಗಮ್ಮನಿಗೆ ಎಂಬತ್ತು ದಾಟಿತ್ತು. ಮಧ್ಯಾಹ್ನ ಎಲೆ ಅಡಿಕೆ ತರಲು ಸಂತೆಗೆ ಹೋಗಿ ಬಂದಿದ್ದಳು.

"ಅಜ್ಜಿ, ನೀವು ಸುಳ್ಳು ಹೇಳೋರಲ್ಲ. ಈ ಹಾಡು ಕೇಳಿದೀರಾ?"

"ಕೇಳೀನಿ" ಎಂದಳು ದುರುಗಮ್ಮ.

"ಎಲ್ಲಿ ಕೇಳಿದ್ದು ಹೇಳಜ್ಜಿ" ಎಂದ ತಿಮ್ಮೇಶ್ ಆಸೆಯಿಂದ.

ದುರುಗಮ್ಮ ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ವೆಂಕಟೇಶ್ ಕ್ಯಾಮೆರಾ ಹೊರತೆಗೆದ. ಅವಳು ಕಣ್ಣು ಬಿಟ್ಟು, ಸೆರಗು ಸರಿಮಾಡಿಕೊಂಡು, "ನಮ್ಮವ್ವ ಬೀಸೋ ಕಲ್ಲಿನ ಮುಂದೆ ಹಾಡ್ತಿದ್ಲು" ಎಂದಳು.

"ಅಜ್ಜಿ, ಸಂತ್ಯಾಗೆ ಕೇಳಿದ್ದು ಅದು" ಎಂದ ತಿಮ್ಮೇಶ್.

"ಸಂತ್ಯಾಗೆ ನೀವು ಹಾಡಿದ್ದು ಅರ್ಧ" ಎಂದಳು ದುರುಗಮ್ಮ. ಗಂಟಲು ಸರಿಮಾಡಿಕೊಂಡು, ಉಳಿದರ್ಧವನ್ನು ಹಾಡಿಯೇಬಿಟ್ಟಳು:

"ಬಳ್ಳಿ ಬಗ್ಗಿ ಕೊಯ್ದೋಳೆ, ಮಳ್ಳಿ ಹಂಗೆ ನಕ್ಕೋಳೆ,
ಗಂಡ ಬಂದು ಕೇಳಿದ್ರೆ ಗೊತ್ತಿಲ್ಲಂತ ಅಂದೋಳೆ."

ಬೀದಿ ಚಪ್ಪಾಳೆ ತಟ್ಟಿತು. ವೆಂಕಟೇಶ್ ಕ್ಯಾಮೆರಾ ಇಳಿಸಿ ನಿಧಾನವಾಗಿ ಕೇಳಿದ: "ಮೇಷ್ಟ್ರೇ, ಹಾಡು ಬೆಳಿಗ್ಗೆ ನೀವು ಕಟ್ಟಿದ್ದಾದ್ರೆ, ಎರಡನೇ ಚರಣ ಅಜ್ಜಿಗೆ ಹೆಂಗೆ ಗೊತ್ತಾತು?"

ತಿಮ್ಮೇಶ್ ಎರಡನೇ ಚರಣವನ್ನು ಕಟ್ಟಿರಲೇ ಇಲ್ಲ. ಧರ್ಮಪ್ಪ ಕೂಡ ಗಡ್ಡ ಕೆರೆದುಕೊಂಡು, "ನಂಗೂ ಈಗ ನಮ್ಮ ಸೋದರತ್ತೆ ಹಾಡಿದ್ದು ನೆನಪಾಗಾಕೆ ಹತ್ತೈತೆ ಕಣಪ್ಪ" ಎಂದರು.

ವೆಂಕಟೇಶನಿಗೆ ಸಿಟ್ಟೇನೂ ಬರಲಿಲ್ಲ. ಬದಲಾಗಿ ಬಹಳ ಸಂತೋಷವಾಯಿತು. "ಜಾನಪದ ಆದ್ರೆ ಇನ್ನೂ ಒಳ್ಳೇದು, ಕದ್ದದ್ದು ಅಂತ ಯಾರೂ ಅನ್ನಂಗಿಲ್ಲ. ಹಾಡು ಇದೇ ಫೈನಲ್. ಸಂಗೀತ ಜಾನಪದ, ಗಾಯನ ದುರುಗಮ್ಮ ಅಂತ ಹಾಕ್ತೀನಿ. ನಾಳೆ ಹೊನ್ನಾಳಿಯಾಗೆ ರೆಕಾರ್ಡಿಂಗು. ಮೇಷ್ಟ್ರೇ, ನೀವೂ ಪೆಟ್ಟಿಗೆ ತಗಂಡು ಅಜ್ಜೀನ ಕರ್ಕೊಂಡು ಬರ್ರಿ" ಎಂದು ಹೇಳಿ ಕಾರು ಹತ್ತಿದ.

ಗುಂಪು ಕರಗಿತು. ತಿಮ್ಮೇಶ್ ಪೆಟ್ಟಿಗೆ ಮುಚ್ಚುತ್ತಿದ್ದ. ಮೂಲೆಮನೆಯತ್ತ ನಾಲ್ಕು ಹೆಜ್ಜೆ ಹೋಗಿದ್ದ ದುರುಗಮ್ಮ ಕೋಲೂರಿಕೊಂಡು ವಾಪಸು ಬಂದಳು.

"ತಿಮ್ಮೇಶ, ನಾಳೆ ಸ್ವಲ್ಪ ಬೇಗ ಬಾರಪ್ಪ" ಎಂದಳು. "ಮೊದಲನೇ ಸಾಲು ಇಳಿಯೋ ಕಡೆ ನೀನು ತಪ್ಪು ನುಡಿಸ್ತೀಯ. ನಾನು ಹೇಳ್ಕೊಡ್ತೀನಿ."