ಐದು ಗಜದ ಬಾಬ್ತು

ಇಂದ:
ಲೊರೀನ್ ವಾವ್ರಾ,
ಕೌಂಟಿ ಕಚೇರಿಯಲ್ಲಿ ಅರ್ಜಿ ಸ್ವೀಕರಿಸುವ ಗುಮಾಸ್ತೆ ಹಾಗೂ ಒಬ್ಬ ಆಟಗಾರನ ತಾಯಿ,
ಕೋಲ್ಟನ್ ಕ್ರೀಕ್, ನೆಬ್ರಾಸ್ಕಾ.

ಗೆ:
ಶ್ರೀ ಡ್ವೇನ್ ವಾವ್ರಾ,
ಮುಖ್ಯ ಫುಟ್‌ಬಾಲ್ ತರಬೇತುದಾರರು,
ಕೋಲ್ಟನ್ ಕ್ರೀಕ್ ಪ್ರೌಢಶಾಲೆ.
(ಅರ್ಜಿದಾರಳ ಪತಿ. ಇಬ್ಬರ ವಾಸವೂ ಒಂದೇ ಮನೆ.)

ವಿಷಯ: ಮೈದಾನದಲ್ಲಿ ತೆತ್ತಾಗಿರುವ ಐದು ಗಜದ ದಂಡವನ್ನು ಮನೆಯೊಳಗೂ ವಸೂಲು ಮಾಡುತ್ತಿರುವುದನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ:
೧) ಆಟಗಾರರ ಕೋಣೆಯ ಬಾಗಿಲಿಗೆ ತಾವೇ ಬರೆದು ಅಂಟಿಸಿರುವ ಫಲಕ: "ನಮ್ಮ ಕೈಯಲ್ಲಿರುವುದನ್ನು ಕೈಯಾರೆ ಕೊಡಬೇಡಿ."
೨) ಕಳೆದ ಮಂಗಳವಾರ ಊಟದ ಮೇಜಿನಲ್ಲಿ ತಾವು ದಯಪಾಲಿಸಿದ ಮೌಖಿಕ ಉತ್ತರ: "ಈಗ ಬೇಡ, ಲೊರೀನ್."

ಮಾನ್ಯರೇ,

ಪಂದ್ಯ ಮುಗಿದು ಒಂದು ಹಗಲು ಒಂದು ರಾತ್ರಿ ಕಳೆಯುವವರೆಗೆ ಯಾವ ಪೋಷಕರೂ ತರಬೇತುದಾರರ ಹತ್ತಿರ ಪಂದ್ಯದ ಮಾತೆತ್ತಕೂಡದು, ಆಮೇಲೆ ಎತ್ತುವುದಿದ್ದರೂ ಬರವಣಿಗೆಯಲ್ಲೇ ಎತ್ತತಕ್ಕದ್ದು ಎಂಬುದು ತಾವು ಮಾಡಿದ ನಿಯಮ. ಹೆಂಡತಿಯಾಗಿ ಬಾಯಲ್ಲಿ ಹೇಳಿದ್ದೆಲ್ಲ ಗೋಡೆಗೆ ಹೇಳಿದಂತಾದ ಕಾರಣ, ಅರ್ಜಿದಾರಳು ಪೋಷಕಳಾಗಿ ಬರವಣಿಗೆಯಲ್ಲಿ ಬಂದಿದ್ದಾಳೆ. ಬೇಲಿಯ ಜಗಳ, ನಾಯಿಯ ಜಗಳ, ಸತ್ತವರ ಜಮೀನಿನ ಜಗಳ ಎಂದು ಊರವರ ಅರ್ಜಿಗಳಿಗೆಲ್ಲ ಮುದ್ರೆ ಒತ್ತಿದವಳು ತನ್ನದೆಂದು ಬರೆಯುತ್ತಿರುವ ಮೊದಲ ಅರ್ಜಿ ಇದು. ನಮೂನೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು. ತಪ್ಪು ಮನ್ನಿಸುವ ಅಭ್ಯಾಸವನ್ನು ತಾವು ಇದರಿಂದಲೇ ಆರಂಭಿಸಿದರೂ ಅಡ್ಡಿಯಿಲ್ಲ.

೧. ಸೆಮಿಫೈನಲ್ ದಿನ ನಾವು ಒಂದು ಅಂಕ ಮುಂದಿದ್ದೆವು. ಆಟ ಮುಗಿಯಲು ಎರಡು ನಿಮಿಷವೂ ಇರಲಿಲ್ಲ. ಹಾರ್ಲನ್ ಫೋರ್ಕ್ಸ್ ತಂಡಕ್ಕೆ ಉಳಿದದ್ದು ಕೊನೆಯ ಒಂದು ಯತ್ನ, ಬೇಕಾಗಿದ್ದದ್ದು ಮೂರು ಗಜ; ಅದು ಸಿಗದಿದ್ದರೆ ಚೆಂಡು ನಮ್ಮದು, ಪಂದ್ಯವೂ ನಮ್ಮದು. ಅವರಿಗೆ ಆಡುವ ಉದ್ದೇಶವೇ ಇರಲಿಲ್ಲ. ಚೆಂಡಿನ ಮೇಲೆ ಬಗ್ಗಿ ನಿಂತು, ನಮ್ಮವರು ಆತುರಪಟ್ಟು ಗೆರೆ ದಾಟಲಿ ಎಂದು ಸುಮ್ಮನೆ ಕೂಗುತ್ತಿದ್ದರು. ಚೆಂಡು ಕದಲುವ ಮೊದಲು ಗೆರೆ ದಾಟಿದರೆ ದಂಡ ಐದು ಗಜ. "ಅವನ ಬಾಯಿ ನೋಡ್ಬೇಡ್ರೋ, ಚೆಂಡು ನೋಡ್ರೋ!" ಎಂದು ತಾವು ವಾರವಿಡೀ ಗಂಟಲು ಹರಿದುಕೊಂಡದ್ದು ಅರ್ಜಿದಾರಳಿಗೆ ನೆನಪಿದೆ, ಏಕೆಂದರೆ ಜೇನುತುಪ್ಪ ಬೆರೆಸಿದ ಬಿಸಿನೀರು ಕೊಟ್ಟವಳು ಅವಳೇ. ಹತ್ತು ಹುಡುಗರು ಚೆಂಡು ನೋಡಿದರು. ಹನ್ನೊಂದನೆಯವನು ಜಿಗಿದ. ಅವನು ನಮ್ಮ ಮಗ ಕೋಲ್ಬಿ. ಮೂರು ಗಜ ಬೇಕಾದವರಿಗೆ ಐದು ಸಿಕ್ಕಿತು, ಹೊಸದಾಗಿ ಯತ್ನಗಳು ಸಿಕ್ಕವು, ಕಡೆಗೆ ಚೆಂಡನ್ನು ಒದ್ದು ಮೂರು ಅಂಕ ಗಳಿಸಿದರು. ನಾವು ಎರಡು ಅಂಕದಿಂದ ಸೋತೆವು. ಇಲ್ಲಿಯವರೆಗಿನ ಸಂಗತಿಗಳಲ್ಲಿ ಅರ್ಜಿದಾರಳ ತಕರಾರೇನೂ ಇಲ್ಲ.

೨. ತಕರಾರು ಆಮೇಲಿನದ್ದು. ಅಂದಿನಿಂದ ತಾವು ಪ್ರತಿ ಸಂಜೆ ನಡುಮನೆಯ ಟಿ.ವಿ.ಯಲ್ಲಿ ಆ ಪಂದ್ಯದ ಚಿತ್ರ ಹಾಕುತ್ತೀರಿ. ಹುಡುಗ ಜಿಗಿಯುತ್ತಾನೆ, ತಾವು ನಿಲ್ಲಿಸುತ್ತೀರಿ, ಹಿಂದಕ್ಕೆ ತಿರುಗಿಸುತ್ತೀರಿ, ಅವನು ಮತ್ತೆ ಜಿಗಿಯುತ್ತಾನೆ. ಮೈದಾನದಲ್ಲಿ ಒಂದು ಸಲ ಮಾಡಿದ ತಪ್ಪನ್ನು ಪಾಪದವನು ಮನೆಯಲ್ಲಿ ದಿನವೂ ಮಾಡುತ್ತಿದ್ದಾನೆ. ಈ ಬಗ್ಗೆ ನಡೆದ ಮಾತುಕತೆಯನ್ನು ಇದ್ದದ್ದು ಇದ್ದಂತೆ ಬರೆದಿದೆ:

"ಸಾಕು ಮಾಡು ಡ್ವೇನ್. ಅಡುಗೆಮನೆಗೆ ಹೋಗ್ಬೇಕಂದ್ರೂ ಹುಡುಗ ಇದರ ಮುಂದೇನೇ ಹಾದು ಹೋಗ್ಬೇಕು."

"ಐದು ಗಜ, ಲೊರೀನ್! ಅವ್ರೇನು ಕಿತ್ಕೊಂಡ್ರಾ? ನಾವೇ ಎತ್ತಿ ಕೊಟ್ವಿ. ಸುಮ್ನೆ ನಿಂತಿದ್ರೆ ಸಾಕಿತ್ತು, ಸುಮ್ನೆ!"

"ಹದಿನೇಳು ವರ್ಷದವನಿಗೆ ಸುಮ್ನೆ ನಿಲ್ಲೋದೇ ಕಷ್ಟ ಕಣಪ್ಪ."

"ಉಳಿದ ಹತ್ತು ಜನಕ್ಕೂ ಹದಿನೇಳೇ."

ಈ ಲೆಕ್ಕ ಸರಿಯೆಂದು ಅರ್ಜಿದಾರಳು ಒಪ್ಪುತ್ತಾಳೆ. ಸದರಿ ಹುಡುಗ ಈಗ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದಾನೆ.

೩. ಹುಡುಗನ ಈಗಿನ ಸ್ಥಿತಿ ತಮ್ಮ ಗಮನಕ್ಕೆ ಬಂದಂತಿಲ್ಲ. ಎಲ್ಲರೂ ಒಂದು ತುತ್ತು ನುಂಗಿದ ಮೇಲೆ ಅವನು ಫೋರ್ಕ್ ಎತ್ತುತ್ತಾನೆ. ಚರ್ಚಿನಲ್ಲಿ ಜನರೆಲ್ಲ ಎದ್ದು ಹಾಡಿ ಕೂರುವ ಹೊತ್ತಿಗೆ ಇವನು ಏಳುತ್ತಾನೆ. ಕಳೆದ ಭಾನುವಾರ ಅವನು ಪಿಕಪ್ ಓಡಿಸುತ್ತಿದ್ದ, ಅರ್ಜಿದಾರಳು ಪಕ್ಕದಲ್ಲಿದ್ದಳು. ಜೋಳದ ಗೋದಾಮಿನ ಹತ್ತಿರ ಊರಿಗೆಲ್ಲ ಒಂದೇ ಸಿಗ್ನಲ್ ಇದೆಯಲ್ಲ, ಅಲ್ಲಿ ಗಾಡಿ ನಿಂತಿತು. ಹಸಿರು ಬಂದರೂ ಕದಲಲಿಲ್ಲ.

"ಹಸಿರು ಬಂತಲ್ಲೋ."

"ನೋಡ್ತಿದೀನಮ್ಮ."

"ನೋಡೋಕೇನಿದೆ ಅದ್ರಲ್ಲಿ? ಹೋಗು!"

"ಪೂರ್ತಿ ಹಸಿರಾಗ್ಲಿ, ತಡಿ."

ಅಷ್ಟರಲ್ಲಿ ಮತ್ತೆ ಕೆಂಪಾಯಿತು. ಹಿಂದಿನ ಗಾಡಿಯಿಂದ ಕ್ಷೌರದಂಗಡಿಯ ವರ್ನ್ ಕುಚೇರಾ ತಲೆ ಹೊರಗೆ ಹಾಕಿ, "ಏನಪ್ಪಾ ಕೋಲ್ಬಿ! ಅವತ್ತು ಇಷ್ಟು ನಿಧಾನ ಇದ್ದಿದ್ರೆ ಫೈನಲ್ ಆಡ್ತಿದ್ವಲ್ಲೋ!" ಎಂದ. ಅರ್ಜಿದಾರಳು ಕೆಳಗಿಳಿದು ಅವನಿಗೆ ಹೇಳಿದ ಮಾತುಗಳು ಅರ್ಜಿಯಲ್ಲಿ ಬರೆಯತಕ್ಕವಲ್ಲ. ಇನ್ನು ತಾವು ಬೇರೆ ಕಡೆ ಕ್ಷೌರ ಮಾಡಿಸಿಕೊಳ್ಳುವುದು ಒಳ್ಳೆಯದು. ಹುಡುಗ ನಗಲಿಲ್ಲ, ಅಳಲೂ ಇಲ್ಲ. ಯಾವುದನ್ನಾದರೂ ಬೇರೆಯವರು ಮೊದಲು ಶುರು ಮಾಡಲಿ ಎಂದು ಕಾಯುತ್ತಿರುವವನಂತೆ ಕೂತಿದ್ದ.

೪. ನಿನ್ನೆ ಅವನು ತನ್ನ ಹೆಲ್ಮೆಟ್ಟು, ಭುಜದ ಕವಚಗಳನ್ನು ಒರೆಸಿ ಶಾಲೆಗೆ ಒಪ್ಪಿಸಿದ್ದಾನೆ. ಇನ್ನೂ ಒಂದು ವರ್ಷ ಆಡಬೇಕಾದವನು. ಈ ಶನಿವಾರ ಬೆಳಗ್ಗೆ ಅರ್ಜಿದಾರಳ ತಮ್ಮ ಲೆನರ್ಡ್‌ನ ದನದ ಫಾರ್ಮಿಗೆ ಹೋಗಿ, ಅಲ್ಲೇ ಇದ್ದು, ಅಲ್ಲಿಯ ಶಾಲೆಗೇ ಸೇರುತ್ತಾನಂತೆ. ಪೆಟ್ಟಿಗೆ ಕಟ್ಟಿಯಾಗಿದೆ.

"ಅಪ್ಪಂಗೆ ಹೇಳಿದ್ಯೇನೋ?"

"ಕೇಳಿದ್ರೆ ಹೇಳ್ತೀನಿ."

"ನೀನೇ ಹೋಗಿ ಹೇಳ್ಬಾರ್ದಾ?"

"ಬೇಡಮ್ಮ. ನಾನು ಮುಂಚೆ ಹೋದ್ರೆ ಏನಾಗುತ್ತೆ ಅಂತ ಊರಿಗೆಲ್ಲ ಗೊತ್ತಲ್ಲ."

ಈ ಕಲಮನ್ನು ಬರೆಯುವಾಗ ಅರ್ಜಿದಾರಳು ಎದ್ದು ಹೋಗಿ ಮುಖ ತೊಳೆದು ಬಂದಳು. ದಾಖಲೆಗಾಗಿ ತಿಳಿಸಿದೆ.

೫. ಅದೇ ಪಂದ್ಯದಲ್ಲಿ, ಮೈದಾನದಲ್ಲಿ ಹನ್ನೊಂದರ ಬದಲು ಹತ್ತೇ ಜನರಿದ್ದದ್ದನ್ನು ಕೊನೆಗಳಿಗೆಯಲ್ಲಿ ಕಂಡು, ಆಟ ನಿಲ್ಲಿಸಿ, ತಂಡಕ್ಕಿದ್ದ ಒಂದು ವಿರಾಮವನ್ನು ವ್ಯರ್ಥ ಮಾಡಿದವರು ತಾವು. ರೆಫರಿಗೆ ಬುದ್ಧಿ ಹೇಳಲು ಗೆರೆಯೊಳಗೆ ನುಗ್ಗಿ ಹದಿನೈದು ಗಜ ತೆತ್ತವರೂ ತಾವೇ. ಹದಿನೈದು ಐದಕ್ಕಿಂತ ದೊಡ್ಡದೆಂದು ಕೌಂಟಿ ಕಚೇರಿಯಲ್ಲಿ ಲೆಕ್ಕ. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರು ಎನ್ನುವ ಮಾತನ್ನು ಅರ್ಜಿದಾರಳು ಇಲ್ಲಿ ಬಳಸಬಾರದೆಂದಿದ್ದಳು, ಆದರೆ ಬಳಸಿದ್ದಾಳೆ. ಆ ಭಾಗಗಳನ್ನು ತಾವು ಒಂದು ಸಂಜೆಯೂ ಹಿಂದಕ್ಕೆ ತಿರುಗಿಸಿ ನೋಡಿಲ್ಲ.

೬. ಇದೆಲ್ಲ ಹೋಗಲಿ. ಮುಖ್ಯ ವಿಷಯ ಈಗ ಬರುತ್ತದೆ. ಇಂದು ಮಧ್ಯಾಹ್ನ ತಾವು ಶಾಲೆಯಲ್ಲಿದ್ದಾಗ ಅರ್ಜಿದಾರಳು ಆ ಚಿತ್ರವನ್ನು ತಾನೇ ಹಾಕಿಕೊಂಡು ಕೂತಳು. ಹುಡುಗ ಜಿಗಿದ. ಹಿಂದಕ್ಕೆ ತಿರುಗಿಸುವ ಗುಂಡಿ ಯಾವುದೆಂದು ತಿಳಿಯದ ಕಾರಣ ಚಿತ್ರ ಮುಂದಕ್ಕೆ ಓಡಿತು.

ತಾವು ಎಂದೂ ನೋಡದ ಆ ಭಾಗದಲ್ಲಿ ಇರುವುದಿಷ್ಟು. ದಂಡ ಸಾರಲು ರೆಫರಿ ಎಸೆದ ಹಳದಿ ಬಟ್ಟೆ ಹುಲ್ಲಿನ ಮೇಲೆ ಬೀಳುತ್ತದೆ. ಕೋಲ್ಬಿ ನಮ್ಮ ಕಡೆಯ ಗೆರೆಯತ್ತ ತಿರುಗಿ ತಮ್ಮನ್ನು ಹುಡುಕುತ್ತಾನೆ. ತಾವು ಅವನಿಗೆ ಬೆನ್ನು ಹಾಕಿ, ತಲೆಯ ಮೇಲೆ ಕೈಹೊತ್ತು ನಿಂತಿದ್ದೀರಿ. ಅವನು ಕೈಯನ್ನು ಅರ್ಧ ಎತ್ತಿ ಇಳಿಸುತ್ತಾನೆ. ಮರುಕ್ಷಣದ ಆಟದಲ್ಲಿ ಚೆಂಡು ಹಿಡಿದು ಓಡಿದವನನ್ನು ಒಬ್ಬನೇ ಅಡ್ಡಗಟ್ಟಿ ಕೆಡವುತ್ತಾನೆ. ಬಹಳ ಚೆನ್ನಾಗಿ ಕೆಡವುತ್ತಾನೆ, ಡ್ವೇನ್. ಎದ್ದು ಮತ್ತೆ ತಮ್ಮ ಕಡೆ ನೋಡುತ್ತಾನೆ. ಆಗಲೂ ಬೆನ್ನೇ. ಉಲ್ಲೇಖ ೧ರಂತೆ ನೋಡಿದರೆ, ತಿರುಗುವುದು ತಮ್ಮ ಕೈಯಲ್ಲಿತ್ತು.

ತಾವು ಕೆಟ್ಟವರಲ್ಲವೆಂದು ಅರ್ಜಿದಾರಳಿಗೆ ಗೊತ್ತು. ಕೆಟ್ಟವರಾಗಿದ್ದರೆ ಅರ್ಜಿ ಬರೆಯುವ ಬದಲು ತಾನೂ ಒಂದು ಪೆಟ್ಟಿಗೆ ಕಟ್ಟುತ್ತಿದ್ದಳು. ಆದರೆ ಅವಳಿಗೆ ಮಗ ಮನೆಯಲ್ಲಿ ಬೇಕು, ಮತ್ತು ಅವನನ್ನು ಉಳಿಸಿಕೊಳ್ಳುವುದು ಅವಳೊಬ್ಬಳಿಂದ ಆಗುವ ಕೆಲಸವಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಿಶೀಲಿಸಿ, ಈ ಸಂಜೆ ಸದರಿ ಚಿತ್ರವನ್ನು ಜಿಗಿತದಲ್ಲಿ ನಿಲ್ಲಿಸದೆ ಮುಂದಕ್ಕೆ ಓಡಿಸಿ ನೋಡಬೇಕೆಂದೂ, ಅನಂತರ ಶನಿವಾರ ಬೆಳಗಾಗುವುದರೊಳಗೆ ಹುಡುಗನ ಕೋಣೆಗೆ ಖುದ್ದಾಗಿ ಹೋಗಬೇಕೆಂದೂ ಕೋರಿದೆ. ಮಾತಿನ ವಿಷಯ ಟ್ರಕ್ಕಿನ ಟಯರಾಗಲಿ, ಜೋಳದ ಧಾರಣೆಯಾಗಲಿ, ಯಾವುದಾದರೂ ಆಗಬಹುದು.

ಈ ಋತುವಿಗೂ ಮುಂದಿನ ಎಲ್ಲ ಋತುಗಳಿಗೂ
ತಮ್ಮ ವಿಶ್ವಾಸಿ,
ಲೊರೀನ್ ವಾವ್ರಾ

ಲಗತ್ತುಗಳು:
೧) ಟಿ.ವಿ. ರಿಮೋಟು, ಒಂದು. (ಹಿಂದಕ್ಕೆ ತಿರುಗಿಸುವ ಗುಂಡಿ ಈಗ ಪತ್ತೆಯಾಗಿದ್ದು, ಅದರ ಮೇಲೆ ಟೇಪು ಅಂಟಿಸಿದೆ.)
೨) ಬೀನ್ಸು-ಮಾಂಸದ ಚಿಲಿ ಸಾರು ಮತ್ತು ದಾಲ್ಚಿನ್ನಿ ರೋಲ್, ಇಬ್ಬರಿಗಾಗುವಷ್ಟು, ಮುಚ್ಚಿದ ಡಬ್ಬಿಯಲ್ಲಿ. ದಾರಿಯಲ್ಲಿ ಒಬ್ಬರೇ ತಿನ್ನಕೂಡದು.

ವಿ.ಸೂ.: ತಾವು ಬಾಗಿಲು ತಟ್ಟಿ ಒಳಗೆ ಹೋದಾಗ ಹುಡುಗ ಮಂಚದಿಂದ ಏಳದೆ, ಮಾತಾಡದೆ ಕೂತಿದ್ದರೆ ಅದನ್ನು ಉದ್ಧಟತನವೆಂದು ಪರಿಗಣಿಸಬಾರದು. ಅವನು ಈಗ ಯಾವುದಕ್ಕೂ ಮೊದಲು ಕದಲುವುದಿಲ್ಲ. ಕಾರಣ, ತಾವು ಕದಲಬೇಕಾಗಿ ಪ್ರಾರ್ಥನೆ.