ಎರಡು ಸಲ ಹಾಕಿಸಿಕೊಂಡ ಕೇಸರಿಬಾತ್

ಮನೆ ಅಳೆಯುವುದರಲ್ಲಿ ನಾನು ತಪ್ಪುವವನಲ್ಲ. ಬ್ಯಾಂಕಿನವರು ಸಾಲ ಕೊಡುವ ಮುಂಚೆ, ಆ ಮನೆ ಎಷ್ಟು ಬೆಲೆ ಬಾಳುತ್ತದೆಂದು ನೋಡಿ ಬರಲು ಕೆಲವರ ಪಟ್ಟಿ ಇಟ್ಟುಕೊಂಡಿರುತ್ತಾರೆ. ಅದಕ್ಕೆ ಪ್ಯಾನೆಲ್ ಎನ್ನುತ್ತಾರೆ. ಅದರಲ್ಲಿ ಹದಿನೆಂಟು ವರ್ಷದಿಂದ ನನ್ನ ಹೆಸರಿದೆ. ನಮ್ಮ ಮನೆಯ ಒಲೆ ಉರಿಯುವುದೂ ಆ ಹೆಸರಿನಿಂದಲೇ.

ಹೀಗಿರುವಾಗ ಬ್ಯಾಂಕಿನಿಂದ ನೋಟಿಸ್ ಬಂತು. ಕುವೆಂಪುನಗರದ ಒಂದು ಮನೆಗೆ ಎರಡು ಅಂತಸ್ತು ಎಂದು ನಾನು ವರದಿ ಕೊಟ್ಟಿದ್ದೆನಂತೆ. ಸಾಲ ಕೇಳಿದವರು ತಮಗಿರುವುದು ಒಂದೇ ಅಂತಸ್ತು ಎಂದರಂತೆ. ನನ್ನನ್ನು ಪ್ಯಾನೆಲ್‌ನಿಂದ ಯಾಕೆ ತೆಗೆಯಬಾರದು ಎಂದು ಹದಿನೈದು ದಿನದೊಳಗೆ ತಿಳಿಸಬೇಕು. ವಿಚಾರಣೆಗೆ ಜೊತೆಗೊಬ್ಬರನ್ನು ಕರೆತರಬಹುದು.

ನಮ್ಮ ಕಸುಬಿನಲ್ಲಿ ಹೆಸರು ಹೊಡೆದುಹಾಕಲು ಕಾಗದವೂ ಬೇಡ, ಕಾರಣವೂ ಬೇಡ. ಕೆಲಸ ಬರುವುದು ನಿಲ್ಲುತ್ತದೆ, ಅಷ್ಟೆ. ಹೊಸದಾಗಿ ಬಂದ ಅಧಿಕಾರಿ ಶೋಭಾ ಮೇಡಂ ಮಾತ್ರ ಆಪಾದನೆಯನ್ನು ಬಿಡಿಸಿ ಬರೆದು, ನನ್ನ ವರದಿಯ ಪ್ರತಿ ಸೇರಿಸಿ, ಸಮಯವನ್ನೂ ಕೊಟ್ಟಿದ್ದರು. ಓದುತ್ತಾ ಓದುತ್ತಾ ಅವರ ಮೇಲೆ ಗೌರವ ಹುಟ್ಟಿತು. ಪಾಪ, ತಪ್ಪು ಮನುಷ್ಯನಿಗೆ ಕಳಿಸಿದ್ದಾರಲ್ಲ ಎಂದು ಮರುಕವೂ ಆಯಿತು.

"ರೀ, ಒಂದ್ಸಲ ಹೋಗಿ ಆ ಮನೆ ನೋಡ್ಕೊಂಡ್ ಬನ್ನಿ," ಎಂದಳು ನನ್ನ ಹೆಂಡತಿ ವಸಂತ.

"ನೋಡೋದೇನಿದೆ ಕಣೇ? ಎಷ್ಟು ಮೆಟ್ಟಿಲು ಅನ್ನೋದೂ ನೆನಪಿದೆ. ಆ ಮನೆಯಾಕೆ ಎಷ್ಟು ಮರ್ಯಾದೆ ಮಾಡಿದ್ರು ಗೊತ್ತಾ? ಎರಡು ಸಲ ಕೇಸರಿಬಾತ್ ಹಾಕಿದ್ರು."

"ಬೆಲೆ ಕಟ್ಟೋಕೆ ಹೋದೋರ್ಗೆ ಕೇಸರಿಬಾತಾ?"

ಈ ಪ್ರಶ್ನೆಯನ್ನು ನಾನು ಸಾರಾಸಗಟಾಗಿ ತಳ್ಳಿಹಾಕಿ ನಾಲ್ಕು ಪುಟದ ಉತ್ತರ ಬರೆದೆ. 'ಸಹಜ ನ್ಯಾಯ' ಎಂಬ ಮಾತನ್ನು ಆರು ಕಡೆ ಹಾಕಿದೆ. ವರದಿಯಲ್ಲಿದ್ದ ಫೋಟೊ ಅಂಚೆಚೀಟಿಯಷ್ಟಿತ್ತು. ಮನೆಯ ಮುಂದೆ ನಾನು ನಿಂತಿರುವ ಆ ಫೋಟೊವನ್ನು ದೊಡ್ಡದು ಮಾಡಿಸಿ ಸಾಕ್ಷಿಯಾಗಿ ಲಗತ್ತಿಸಿದೆ.

ವಿಚಾರಣೆಗೆ ವಸಂತಳೂ ಬಂದಳು. ಶೋಭಾ ಮೇಡಂ ನಾಲ್ಕೂ ಪುಟ ಓದಿದರು. ನನ್ನ ಭಾಷಣವನ್ನೂ ಪೂರ್ತಿ ಕೇಳಿದರು. ಒಮ್ಮೆಯೂ ಗಡಿಯಾರ ನೋಡಲಿಲ್ಲ. ಆಮೇಲೆ ಫೋಟೊವನ್ನು ನನ್ನ ಕಡೆ ತಿರುಗಿಸಿದರು.

"ಗೇಟಿನ ಮೇಲೆ ಏನು ನಂಬರ್ ಇದೆ ಸಾರ್?"

"ಇನ್ನೂರ ಹದಿನಾಲ್ಕು."

"ನಿಮ್ಮನ್ನ ಕಳಿಸಿದ್ದು ಇನ್ನೂರ ಹನ್ನೆರಡಕ್ಕೆ."

ಬ್ಯಾಂಕಿನ ಹತ್ತಿರ ಇಲ್ಲದಿದ್ದ ಸಾಕ್ಷಿಯನ್ನು ನಾನೇ ಎಂಟು ಇಂಚು ಅಗಲ ಮಾಡಿಸಿ ತಂದುಕೊಟ್ಟಿದ್ದೆ!

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನನ್ನ ಕಥೆ ಮುಗಿಸುತ್ತಿದ್ದರು. ಮೇಡಂ, "ಬೇಕಂತ ಮಾಡಿದ್ದೋ ಇಲ್ವೋ ಗೊತ್ತಾಗ್ಬೇಕಲ್ಲ," ಎಂದು ಸಾಲ ಕೇಳಿದವರಿಂದ ಪಕ್ಕದ ಮನೆಯ ಫೋನ್ ನಂಬರ್ ಪಡೆದು, ಎಲ್ಲರಿಗೂ ಕೇಳುವಂತೆ ಆ ಮನೆಯಾಕೆಗೆ ಫೋನ್ ಮಾಡಿದರು.

"ಅಯ್ಯೋ, ಅವ್ರಾ? ಅವತ್ತು ನನ್ನ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬರ್ಬೇಕಿತ್ತು ಕಣಮ್ಮ. ಇವ್ರು ಬಂದ್ಬುಟ್ಟು, ಟೇಪ್ ಹಿಡ್ಕೊಂಡು ಅಡುಗೆಮನೇನೂ ಅಳೆದ್ರು. ಗಂಡಿನ ಕಡೆಯೋರನ್ನ ಯಾಕೆ ಅಂತ ಕೇಳೋಕಾಗುತ್ತಾ?"

"ಅವರು ನಿಮ್ಮ ಹೆಸರು ಕೇಳಿದ್ರಾ?"

"ಇಲ್ಲಮ್ಮ. ತುಪ್ಪ ಎಲ್ಲಿಂದ ತರಿಸ್ತೀರಿ ಅಂತ ಕೇಳಿದ್ರು."

ವಸಂತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮೇಡಂ ಮಾತ್ರ ನಗದೆ ತೀರ್ಪು ಬರೆದರು. ಮೋಸವಿಲ್ಲ, ಅಜಾಗರೂಕತೆ ಇದೆ. ಎಚ್ಚರಿಕೆ ಕೊಟ್ಟು ಪ್ಯಾನೆಲ್‌ನಲ್ಲಿ ಉಳಿಸಿಕೊಳ್ಳಲಾಗಿದೆ. ಇನ್ನು ಮುಂದೆ ಬಾಗಿಲಲ್ಲೇ ಹೆಸರು ಕೇಳಿ ಒಳಗೆ ಕಾಲಿಡತಕ್ಕದ್ದು. ನನಗೆ ಕಣ್ಣು ತುಂಬಿ ಬಂತು. ನನ್ನ ಮಾತಿನಿಂದಲೇ ಮುಳುಗುತ್ತಿದ್ದವನನ್ನು ಎತ್ತಿ ದಡಕ್ಕೆ ಹಾಕಿದ್ದರು ಆ ಹೆಣ್ಣುಮಗಳು.

ಸಹಿ ಹಾಕಿ, ಕೈಮುಗಿದು, ಗಾಂಭೀರ್ಯದಿಂದ ಬಾಗಿಲು ತೆರೆದು ಹೊರಟೆ. ಅದು ಊಟದ ಕೋಣೆ; ನಾಲ್ಕು ಜನ ಸಿಬ್ಬಂದಿ ಟಿಫನ್ ಡಬ್ಬಿ ಬಿಚ್ಚಿ ಕೂತಿದ್ದರು. ಹೊರಗೆ ಹೋಗುವ ಬಾಗಿಲು ಎಡಗಡೆ ಇತ್ತಂತೆ.

"ಬನ್ನಿ ಸಾರ್, ಊಟ ಮಾಡಿ," ಎಂದರು ಅವರಲ್ಲೊಬ್ಬರು. ಬಿಸಿಬೇಳೆಬಾತ್ ಘಮಘಮ ಎನ್ನುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ.

ಬೆನ್ನ ಹಿಂದಿನಿಂದ ವಸಂತ ಕೇಳಿದಳು: "ಹೆಸರು ಕೇಳಿದ್ರಾ?"