ಟ್ಯಾಂಕಿಗೆ ಪೈಪು ಹಚ್ಚುವ ಪಾವಣ್ಯಾರು

ಬಂಡೆಪ್ಪ: ಪೆಟ್ರೋಲ್ ಟೆಂಪೋ ತಗೊಳ್ಳೂದಿಲ್ಲ ಅಂದ್ರ ತಗೊಳ್ಳೂದಿಲ್ಲ! ಗಾಡಿ ಮನಿಗೆ ಬರೂದಷ್ಟ ತಡ, ನಿಮ್ಮಣ್ಣ ಸಿದ್ಧರಾಮ ಎಲ್ಲಾ ಹೀರಿ ಕೂಡ್ತಾನ.

ಗುರುಲಿಂಗಮ್ಮ: ಡಿಜೆಲ್ ತಗೊಂಡ್ರ ನಿಮ್ಮ ತಮ್ಮ ಶಾಂತಪ್ಪ ಸುಮ್ನ ಕೂಡ್ತಾನೇನ್ರಿ? ಅಂವನೂ ಹೀರ್ತಾನ!

ಮಂದಾರ: (ಗಾಬರಿಯಾಗಿ) ಕಾಕಾ, ನಿಮ್ಮ ಮನ್ಯಾಗ ಯಾರ್ಯಾರು ಏನೇನು ಕುಡೀತಾರ್ರಿ?

ಸೋಲಾಪುರದ ಅಕ್ಕಲಕೋಟ ರಸ್ತೆಯ ಟೆಂಪೋ ಶೋರೂಮಿನಲ್ಲಿ ಈ ಗಂಡ-ಹೆಂಡಿರ ಜಗಳ ಶುರುವಾದ ಮೇಲೆ ಎರಡು ಸುತ್ತು ಚಹಾ ಮುಗಿದಿತ್ತು. ಗಾಡಿ ಮಾರುವ ಮಂದಾರ ಎಂಜಿನ್ನುಗಳ ಗುಣಗಾನವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ, ಪಾಪ, ಬಾಯಿ ತೆರೆಯಲು ಸಂದು ಸಿಕ್ಕಿರಲಿಲ್ಲ. ವಾಗದರಿಯಿಂದ ಬಂದ ಗುರುಲಿಂಗಮ್ಮನಿಗಂತೂ ಈ ಟೆಂಪೋ ಜೀವದ ಮಾತು. ಅವಳು ಬಡಿಯುವ ಕಡಕ್ ರೊಟ್ಟಿಗೆ ಸೋಲಾಪುರದಲ್ಲಿ ಗಿರಾಕಿಗೇನೂ ಬರವಿಲ್ಲ. ಆದರೆ ಬಸ್ಸಿನ ನೂಕುನುಗ್ಗಲಿನಲ್ಲಿ ಬಂದ ರೊಟ್ಟಿ, ಅಂಗಡಿ ತಲುಪುವ ಹೊತ್ತಿಗೆ ಹಿಟ್ಟಾಗುವುದೊಂದು ಬಾಕಿ. ಇನ್ನೊಮ್ಮೆ ತಡವಾದರೆ, ಇಲ್ಲವೆ ಚೂರು ತಂದರೆ ಬೇರೆಯವರ ರೊಟ್ಟಿ ಇಟ್ಟುಕೊಳ್ಳುತ್ತೇನೆಂದು ಅಂಗಡಿಯವನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ. ಮುಂಜಾನೆ ಚಾವಿ ತಿರುವಿದಾಗ ಟ್ಯಾಂಕಿನಲ್ಲಿ ಎಣ್ಣೆ ಇರಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಬಂಡೆಪ್ಪ: ಕುಡಿಯೂದಲ್ಲಪಾ. ಪೈಪ್ ಹಚ್ಚಿ ತಗೀತಾರ. ಇಕಿ ತವರಮನ್ಯಾಗ ಎಲ್ಲಾರಿಗೂ ಬೈಕ್ ಅದಾವ, ಒಂದರಾಗೂ ಪೆಟ್ರೋಲ್ ಇರೂದಿಲ್ಲ. ನನ್ನ ಬೈಕ್ ಕಂಡ್ರ ಸಾಕು, ಸಿದ್ಧರಾಮ ಚೀಲದಾಗಿಂದ ಪೈಪ್ ತಗೀತಾನ.

ಗುರುಲಿಂಗಮ್ಮ: ನಮ್ಮಣ್ಣ ಮರ್ಯಾದಸ್ತ, ಬಾಟ್ಲಿ ತರ್ತಾನ. ನಿಮ್ಮ ತಮ್ಮ ಕ್ಯಾನ್ ತರ್ತಾನ! ನಮ್ಮ ನೀರಿನ ಎಂಜಿನ್ನಿನ ಡಿಜೆಲ್ ತನ್ನ ಟ್ರ್ಯಾಕ್ಟರಿಗೆ ಹಾಕ್ಕೊಂಡ, ನಿಮ್ಮ ಹೊಲಾ ಹೊಡದ ಕೊಡ್ತೀನಿ ಅಂದ, ತನ್ನ ಹೊಲಾ ಹೊಡಕೊಂಡು ಹ್ವಾದ.

ಬಂಡೆಪ್ಪ: ನಿಮ್ಮಣ್ಣಗ ಭಜನ್ಯಾಗ ಎರಡು ಸಾಲು ಹಾಡಾಕ ದಮ್ ಸಾಲೂದಿಲ್ಲ. ಪೈಪ್ ಬಾಯಾಗ ಇಟ್ನಂದ್ರ ಟ್ಯಾಂಕಿನ ತಳಾ ಕಾಣಸ್ತಾನ!

ಮಂದಾರ: ಕಾಕಾ, ಕಾಕೂ, ಒಂದ್ ಮಿನಿಟ್! ಮೊದಲು ಲೋಡ್ ಹೇಳ್ರಿ. ಡಿಜೆಲಿಗೆ ತಾಕತ್ ಜಾಸ್ತಿ, ಉಸುಕು ಕಲ್ಲು ಹೇರಿದ್ರೂ ಏರು ಹತ್ತತದ. ಪೆಟ್ರೋಲ್ ಗಾಡಿ ಕಿಮ್ಮತ್ ಕಡಿಮಿ, ಆವಾಜ್ ಇಲ್ಲ, ಹಗುರ ಮಾಲಿಗೆ ಏಕದಮ್ ಬೆಸ್ಟ್.

ಗುರುಲಿಂಗಮ್ಮ: ರೊಟ್ಟಿ ಹಗುರ ಇರ್ತಾವ್ರಿ ಸಾಹೇಬ.

ಬಂಡೆಪ್ಪ: ಮನಿಗೆ ಬರೂ ಬೀಗರು-ಪಾವಣ್ಯಾರು ಭಾಳ ವಜ್ಜ ಅದಾರ.

ಮಂದಾರ: ಅಂದ್ರ ಪಾವಣ್ಯಾರನ್ನೂ ಹೇರ್ತೀರೇನ್ರಿ? ಮಾಲಿನ ಗಾಡ್ಯಾಗ ಮಂದಿ ಹೇರೂದು ಬರೂದಿಲ್ರಿ!

ಬಂಡೆಪ್ಪ: ನಾವೇನ್ ಅವರನ್ನ ಹೇರೂದಿಲ್ಲ. ಅವರ ನಮ್ಮ ಎಣ್ಣಿ ಇಳಿಸ್ಕೊಂಡು ಹೋಗ್ತಾರ.

ಮಂದಾರ: ಇಷ್ಟ ಹೌದಲ್ರಿ? ಕಾಳಜಿ ಬಿಡ್ರಿ. ಟ್ಯಾಂಕಿಗೆ ಚಾವಿ ಅದ.

ಇಬ್ಬರೂ ಮಂದಾರನನ್ನು ದುರುಗುಟ್ಟಿ ನೋಡಿದರು. ಅಷ್ಟು ಹೊತ್ತಿನಲ್ಲಿ ಅವರು ಒಂದಾದದ್ದು ಅದೇ ಮೊದಲು.

ಬಂಡೆಪ್ಪ: ಮನಿಗೆ ಬಂದ ಪಾವಣ್ಯಾನ ಮುಂದ ಕೀಲಿ ಹಾಕ್ಕೊಂಡು ಕೂಡ್ಲೇನು? ಊರಾಗ ಮಾರಿ ಹೆಂಗ ತೋರಸ್ಲಿ?

ಗುರುಲಿಂಗಮ್ಮ: ಮತ್ತ ನಮ್ಮ ಮನ್ಯಾಗ ಚಾವಿ ಎಲ್ಲಿರ್ತಾವ ಅನ್ನೂದು ಅವರಿಗೇ ಛಲೋ ಗೊತ್ತು. ಸಿಗಲಿಲ್ಲಂದ್ರ ನಾನೂ ಅವರಿಗೇ ಫೋನ್ ಮಾಡಿ ಕೇಳ್ತೀನಿ.

ಮಂದಾರ ಬೆವರು ಒರೆಸಿಕೊಂಡು ತನ್ನ ಕೊನೆಯ ಅಸ್ತ್ರ ತೆಗೆದ.

ಮಂದಾರ: ಪೆಟ್ರೋಲೂ ನಕೋ, ಡಿಜೆಲೂ ನಕೋ. ಸಿಎನ್‌ಜಿ ತಗೋರಿ. ಗ್ಯಾಸಿನ ಗಾಡಿ! ದಿನಾ ಸೋಲಾಪುರಕ್ಕ ಬರ್ತೀರಿ, ಇಲ್ಲೇ ತುಂಬಿಸ್ಕೊಂಡು ಹೋಗ್ರಿ. ಯಾರರೆ ಗ್ಯಾಸಿಗೆ ಪೈಪ್ ಹಚ್ಚಿ ಹೀರಿ ತೋರಸ್ಲಿ ನೋಡೂಣು!

ಗುರುಲಿಂಗಮ್ಮನಿಗೆ ಹಿರಿಹಿರಿ ಹಿಗ್ಗು. ಅಂಗಡಿಯ ಕಟ್ಟೆಯ ಮೇಲೆ ತನ್ನ ರೊಟ್ಟಿ ಇಡಿ ಇಡಿಯಾಗಿ ಕೂತದ್ದು ಕಣ್ಣಿಗೆ ಕಟ್ಟಿತು. ಬಂಡೆಪ್ಪನೂ ಮೀಸೆ ತಿರುವಿದ. ಆಮೇಲೆ ಅವಳು ಗಂಡನ ಕಡೆ ತಿರುಗಿದಳು.

ಗುರುಲಿಂಗಮ್ಮ: ಏನ್ರೀ... ಹಂಗಾದ್ರ ನಮ್ಮಣ್ಣ ಪಂಚಮಿಗೆ ತವರಿಗೆ ಕರಿಯಾಕ ಬರ್ತಾನೋ ಇಲ್ಲೋ?

ಬಂಡೆಪ್ಪ: ಯಾಕ ಬರೂದಿಲ್ಲ?

ಗುರುಲಿಂಗಮ್ಮ: ಹ್ವಾದ ವರ್ಷ ನಿಮ್ಮ ಬೈಕ್ ಗ್ಯಾರೇಜಿನ್ಯಾಗ ಇತ್ತಲ್ಲ, ಫೋನಿನ್ಯಾಗ ಕರದು ಮುಗಿಸ್ದ.

ಬಂಡೆಪ್ಪ: ಶಾಂತಪ್ಪನೂ ಹಂಗ. ನಾವು ನೀರಿನ ಎಂಜಿನ್ ಮಾರಿ ಕರೆಂಟಿನ ಮೋಟರ್ ಕೂಡಿಸಿದಾಗಿಂದ ನಮ್ಮ ಹೊಸ್ತಿಲಾ ತುಳದಿಲ್ಲ.

ಅಣ್ಣ ಪೈಪು ತೆಗೆದಾಗಲೆಲ್ಲ ಗುರುಲಿಂಗಮ್ಮ ಬೈದದ್ದು ನಿಜ. ಬೈಯುತ್ತ ಬೈಯುತ್ತಲೇ ಅವನ ತಾಟಿಗೆ ಬಿಸಿ ರೊಟ್ಟಿ, ಮೇಲೊಂದಿಷ್ಟು ಬೆಣ್ಣೆ ಹಾಕಿದ್ದೂ ನಿಜ. ಅವನು ಬರದೇ ಹೋದರೆ ಅವಳು ಬೈಯುವುದಾದರೂ ಯಾರಿಗೆ?

ಬಂಡೆಪ್ಪ: (ಮೆಲ್ಲಗೆ) ಪೆಟ್ರೋಲ್ ಗಾಡೀನ ತಗೊಳ್ಳೂಣು ಬಿಡು. ನಿಮ್ಮಣ್ಣ ಬರ್ಲಿ.

ಗುರುಲಿಂಗಮ್ಮ: ಬ್ಯಾಡ್ರಿ, ಡಿಜೆಲ್ ತಗೊಳ್ರಿ. ಎಷ್ಟಂದ್ರೂ ಶಾಂತಪ್ಪ ನನ್ನ ಮೈದುನ.

ಬಂಡೆಪ್ಪ: ಪೆಟ್ರೋಲ್ ಅಂದ್ನೆಲ್ಲ!

ಗುರುಲಿಂಗಮ್ಮ: ಡಿಜೆಲ್ ಅಂದ್ರ ಡಿಜೆಲ್!

ಮಂದಾರ: (ಹಣೆ ಹಿಡಿದುಕೊಂಡು) ಅರೇ ದೇವಾ! ಈಗ ಯಾರು ಯಾರ ಪಾರ್ಟಿ?

ಗುರುಲಿಂಗಮ್ಮ: ನನ್ನ ರೊಟ್ಟಿ ಯಾರ ಪಾರ್ಟಿನೂ ಅಲ್ರಿ ಸಾಹೇಬ. ಎಲ್ಲಾರಿಗೂ ಎಣ್ಣಿ ಹಂಚ್ಕೋತ ಕುಂತ್ರ ಅವು ಸೋಲಾಪುರಕ್ಕ ನಡಕೋತ ಬರಬೇಕು.

ಮಂದಾರ: ಕಾಕೂ, ಗ್ಯಾಸಿನ ಗಾಡಿಗೂ ಒಂದು ಸಣ್ಣ ಪೆಟ್ರೋಲ್ ಟ್ಯಾಂಕ್ ಇರ್ತದ್ರಿ. ಐದ್ ಲೀಟರ್. ನಡುದಾರ್ಯಾಗ ಗ್ಯಾಸ್ ಮುಗದ್ರ ಇರ್ಲಿ ಅಂತ.

ಗುರುಲಿಂಗಮ್ಮ ಕುರ್ಚಿಯಿಂದ ಎದ್ದೇ ನಿಂತಳು.

ಗುರುಲಿಂಗಮ್ಮ: ಮೊದಲ ಹೇಳಬಾರ್ದೇನ್ರಿ! ಗ್ಯಾಸು ರೊಟ್ಟೀದು, ಪೆಟ್ರೋಲ್ ನಮ್ಮಣ್ಣಂದು!

ಬಂಡೆಪ್ಪ: ಮತ್ತ ನನ್ನ ತಮ್ಮ?

ಗುರುಲಿಂಗಮ್ಮ: ರೊಟ್ಟಿ ಇಳಸಿ ಹೊಳ್ಳಿ ಬರುವಾಗ ಒಂದು ಕ್ಯಾನ್ ಡಿಜೆಲ್ ತರ್ರಿ. ಆದ್ರ ಅಂವ ಕುಂತು ಉಂಡ ಮ್ಯಾಲನ ಕ್ಯಾನ್ ಕೊಡೂದು. ಬಾಗಲದಾಗ ನಿಂತು ಒಯ್ದ ಅಂದ್ರ ನಾ ಸುಮ್ನ ಬಿಡಂಗಿಲ್ಲ.

ಬಂಡೆಪ್ಪ ತಲೆ ಆಡಿಸಿದ. ಗ್ಯಾಸಿನ ಗಾಡಿ ಪಕ್ಕಾ ಆಯಿತು. ಮಂದಾರ ಮಾತ್ರ ಬಿಲ್ಲು ಮಾಡಲು ಏಳದೆ, ಕುರ್ಚಿಯನ್ನು ಗುರುಲಿಂಗಮ್ಮನ ಹತ್ತಿರಕ್ಕೆ ಎಳೆದುಕೊಂಡ.

ಮಂದಾರ: ಕಾಕೂ... ಅಲ್ಲಲ್ಲ, ಅಕ್ಕಾ, ವಾಗದರ್ಯಾಗ ನಿಮ್ಮ ಮನಿ ಎಲ್ಲಿ ಬರ್ತದ್ರಿ?

ಗುರುಲಿಂಗಮ್ಮ: ಯಾಕ್ರಿ, ಕಾಗದದಾಗ ಬರಿಯಾಕೇನು?

ಮಂದಾರ: ಬರಿಯಾಕಲ್ರಿ, ಉಣ್ಣಾಕ. ನಂದೂ ಒಂದು ಬೈಕ್ ಅದ. ಪೈಪ್ ನಾನೇ ತರ್ತೀನಿ.